ಆಪ್ತಸಮಾಲೋಚನೆಯ ಕೊಠಡಿಯಲ್ಲಿ ಕನ್ನಡ

ವಕೀಲನಾದವನಿಗೆ ಶಾಲೆಯ ಆಪ್ತಸಮಾಲೋಚನಾ ಕೊಠಡಿಯಲ್ಲಿ ಏನು ಕೆಲಸವೆಂದು ಹಲವರು ನನ್ನನ್ನು ಕೇಳಿದ್ದಾರೆ. ನ್ಯಾಯಾಲಯದ ವೃತ್ತಿಯ ಜೊತೆಗೆ ಕೆಲವು ಕಾಲದಿಂದ ನಾನು ವಿಶ್ವವಿದ್ಯಾಲಯವೊಂದರ ಸಂಶೋಧನಾ ತಂಡದಲ್ಲಿಯೂ ದುಡಿಯುತ್ತಿದ್ದೇನೆ. ಶಾಲೆಗಳಲ್ಲಿ ಮತ್ತು ಊರಿನ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳಿಗೆ ಯಾವ ಬಗೆಯ ಮಾನಸಿಕ ಆರೋಗ್ಯ ಸೇವೆ ದೊರೆಯುತ್ತಿದೆ ಎಂಬುದು ತಂಡದ ಅಧ್ಯಯನದ ವಿಷಯ. ಹೆತ್ತವರ ಒಪ್ಪಿಗೆ ಪತ್ರ, ಮಗುವಿನ ಸಮ್ಮತಿ, ಹೇಳಿದ ಮಾತಿನ ಗೋಪ್ಯತೆ, ಕಾಯ್ದೆ ಕೊಟ್ಟಿರುವ ಹಕ್ಕುಗಳು, ಇವು ನನ್ನ ಪಾಲಿಗೆ ಬಂದ ಕೆಲಸ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕನ್ನಡ ಮಾಧ್ಯಮದ ಶಾಲೆಗಳಿಗೆ ಹೋಗಿಬಂದ ಮೇಲೆ, ಮಕ್ಕಳ ಹೆತ್ತವರ ಮುಂದೆ ಒಂದು ವಿಷಯವನ್ನು ಇಡಬೇಕೆನಿಸಿತು.

ಮೊದಲಿಗೆ ಒಪ್ಪಿಗೆ ಪತ್ರದ ಮಾತು. ಅದರಲ್ಲಿದ್ದ ‘ಮಾನಸಿಕ’ ಎಂಬ ಪದವನ್ನು ಕಂಡೊಡನೆ ತಾಯಿಯೊಬ್ಬರು ಪೆನ್ನನ್ನು ಕೆಳಗಿಟ್ಟರು. “ಇದಕ್ಕೆ ಸಹಿ ಹಾಕಿದರೆ ನಾಳೆ ಮಗಳ ಮದುವೆಗೆ ಏನಾದರೂ ತೊಂದರೆ ಉಂಟಾ ವಕೀಲರೇ?” ಎಂದು ಕೇಳಿದರು. ಅದು ಅಜ್ಞಾನದ ಪ್ರಶ್ನೆಯಲ್ಲ; ಊರನ್ನು ಬಲ್ಲವರ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 3ನೇ ಸೆಕ್ಷನ್ನಿನ ಪ್ರಕಾರ, ಹಿಂದೆ ಚಿಕಿತ್ಸೆ ಪಡೆದಿದ್ದರೆಂಬ ಒಂದೇ ಕಾರಣದಿಂದ ಯಾರನ್ನೂ ಮಾನಸಿಕ ರೋಗಿಯೆಂದು ನಿರ್ಣಯಿಸುವಂತಿಲ್ಲ. 23ನೇ ಸೆಕ್ಷನ್ ಗೋಪ್ಯತೆಯ ಹಕ್ಕನ್ನು ನೀಡುತ್ತದೆ. ಇವೆರಡನ್ನೂ ಸರಳವಾಗಿ ತಿಳಿಸಿದ ಮೇಲೆ ಅವರು ಪತ್ರವನ್ನು ಮತ್ತೊಮ್ಮೆ ಓದಿ ಸಹಿ ಹಾಕಿದರು. ತಿಳಿಯುವ ಭಾಷೆಯಲ್ಲಿ ಹೇಳಿದಾಗ ಭಯ ಎಷ್ಟು ಬೇಗ ಇಳಿಯುತ್ತದೆಂಬುದನ್ನು ಅಂದು ಕಂಡೆ.

ಹೆತ್ತವರಿಗೇ ಹೀಗಾದರೆ ಮಕ್ಕಳ ಪಾಡೇನು? ನಾನು ಕಂಡ ಕೆಲವು ಶಾಲೆಗಳಲ್ಲಿ ಆಪ್ತಸಮಾಲೋಚಕರಿಗೆ ಕನ್ನಡ ಬರುತ್ತಿರಲಿಲ್ಲ. ಅವರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ಮಕ್ಕಳ ಮೇಲಿನ ಪ್ರೀತಿಯೂ ನಿಜವಾದುದೇ. ಆದರೆ ಮಲಯಾಳದ ‘ಸಂಕಟಂ’ ದುಃಖವಾದರೆ, ನಮ್ಮ ಮಕ್ಕಳಿಗೆ ಸಂಕಟವೆಂದರೆ ಮೊದಲು ನೆನಪಾಗುವುದು ಹೊಟ್ಟೆ. ‘ವಿಷಮಂ’ ಎಂದರೆ ಅಲ್ಲಿ ಮನಸ್ಸಿನ ನೋವು. ಇಲ್ಲಿ ಗಣಿತ ಪುಸ್ತಕದ ವಿಷಮ ಭಿನ್ನರಾಶಿ. ಸಂಕಟವಿದೆಯೇ ಎಂದು ಕೇಳಿದರೆ ಮಗು ಇಲ್ಲವೆನ್ನುತ್ತದೆ. ಹಾಳೆಯಲ್ಲಿ ‘ತೊಂದರೆಯಿಲ್ಲ’ ಎಂದು ದಾಖಲಾಗುತ್ತದೆ. ಅತ್ತ ಮಗುವಿನ ಬಾಯಿಂದ ಬರುವ ‘ಬೇಜಾರು’, ‘ತಲೆಬಿಸಿ’, ‘ಉದಾಸೀನ’ ಎಂಬ ಮಾತುಗಳಿಗೆ ಇನ್ನೊಂದು ಭಾಷೆಯಲ್ಲಿ ಸರಿಸಾಟಿಯಾದ ಪದವನ್ನು ಹುಡುಕುವುದು ಕಷ್ಟ. ‘ಬೇಜಾರು’ ಎಂಬ ಒಂದೇ ಪದದೊಳಗೆ ಹೊತ್ತು ಹೋಗದಿರುವುದೂ ಇದೆ, ಸಿಟ್ಟೂ ಇದೆ, ಬದುಕುವುದೇ ಬೇಡವೆನಿಸುವ ನಿರಾಸೆಯೂ ಇದೆ. ಮಗು ಯಾವುದನ್ನು ಹೇಳುತ್ತಿದೆಯೆಂದು ತಿಳಿಯಬೇಕಾದರೆ ಆ ಭಾಷೆಯಲ್ಲಿ ಬಾಳಿದ ಕಿವಿ ಬೇಕು.

ಭಾಷಾಂತರಕ್ಕೆ ತರಗತಿಯ ಅಧ್ಯಾಪಕರನ್ನೇ ಕರೆಯುವುದು ಸಾಮಾನ್ಯವಾಗಿ ಕಂಡುಬರುವ ಪರಿಹಾರ. ಇದರಲ್ಲಿ ಇನ್ನೊಂದು ತೊಡಕಿದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಬ್ಬ ಹುಡುಗನ ವಿಷಯವನ್ನು ಹೇಳುತ್ತೇನೆ. ತರಗತಿಯಲ್ಲಿ ಮಾತನ್ನೇ ನಿಲ್ಲಿಸಿದ್ದ ಆತ ಮೂರು ಬಾರಿ ಸಮಾಲೋಚನೆಗೆ ಬಂದರೂ ಬಾಯಿ ಬಿಟ್ಟಿರಲಿಲ್ಲ. ಕನ್ನಡವನ್ನೂ ತುಳುವನ್ನೂ ಬಲ್ಲ ನಮ್ಮ ಸಹೋದ್ಯೋಗಿಯೊಬ್ಬರು ಜಗಲಿಯಲ್ಲಿ ಅವನ ಪಕ್ಕದಲ್ಲಿ ಕುಳಿತಾಗ, “ಮಂಡೆಬೆಚ್ಚ” ಎಂದು ತುಳುವಿನಲ್ಲಿ ಮೊದಲ ಮಾತನಾಡಿದ. ಇಷ್ಟು ದಿನ ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, “ಮಾಸ್ಟ್ರು ಅಪ್ಪನ ದೋಸ್ತಿ. ಅವರ ಎದುರು ಮನೆಯ ವಿಷಯ ಹೇಗೆ ಹೇಳುವುದು?” ಎಂದ. ಮುಂದೆ ಆತ ಹೇಳಿದ್ದನ್ನು ಬರೆಯುವ ಹಕ್ಕು ನನಗಿಲ್ಲ. ಸಕಾಲಕ್ಕೆ ವೈದ್ಯರ ನೆರವು ದೊರೆಯಿತು, ಆತ ಈಗಲೂ ಶಾಲೆಗೆ ಬರುತ್ತಿದ್ದಾನೆ ಎಂಬಷ್ಟನ್ನು ಹೇಳಬಲ್ಲೆ. ಆ ಅಧ್ಯಾಪಕರು ಸಜ್ಜನರೇ. ಆದರೆ ಅವರು ಆ ಕೊಠಡಿಯಲ್ಲಿದ್ದುದೇ ಹುಡುಗನ ಬಾಯಿ ಕಟ್ಟಿತ್ತು.

ನಾನು ಪ್ರತಿದಿನ ಓಡಾಡುವ ನ್ಯಾಯಾಲಯದಲ್ಲಿ ಈ ವಿಷಯಕ್ಕೆ ಹಿಂದಿನಿಂದಲೂ ಮನ್ನಣೆಯಿದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯೇ ವಿಧಿಸಿತ್ತು. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಹೇಳಿಕೆಯನ್ನು ದಾಖಲಿಸುವಾಗ ಅರ್ಹ ಭಾಷಾಂತರಕಾರರ ನೆರವು ಪಡೆಯಲು 2012ರ ಪೋಕ್ಸೋ ಕಾಯ್ದೆಯಲ್ಲಿ ಅವಕಾಶವಿದೆ. ಯಾವ ತಪ್ಪೂ ಮಾಡದೆ, ಮನಸ್ಸು ಭಾರವಾಗಿ ಬಾಗಿಲ ಬಳಿ ನಿಂತ ಮಗುವಿಗೆ ಇಷ್ಟಾದರೂ ದೊರೆಯಬೇಡವೇ?

ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಪ್ರತಿಯೊಬ್ಬರಿಗೂ ಸೇವೆಯ ಹಕ್ಕನ್ನು ಕೊಟ್ಟು, ಅದು ಸೇವೆ ಪಡೆಯುವವರಿಗೂ ಅವರ ಕುಟುಂಬಕ್ಕೂ ಒಪ್ಪಿತವಾಗುವ ರೀತಿಯಲ್ಲಿರಬೇಕೆನ್ನುತ್ತದೆ. 22ನೇ ಸೆಕ್ಷನ್, ಕಾಯಿಲೆ ಮತ್ತು ಚಿಕಿತ್ಸೆಯ ಮಾಹಿತಿಯನ್ನು ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕೊಡಬೇಕೆನ್ನುತ್ತದೆ. ಶಾಲೆಯ ಸಮಾಲೋಚನೆಯೆಲ್ಲವೂ ಈ ಸೆಕ್ಷನ್ನಿನ ಅಕ್ಷರಕ್ಕೆ ಒಳಪಡುವುದಿಲ್ಲ, ನಿಜ. ಅದರ ಆಶಯ ಮಾತ್ರ ಸ್ಪಷ್ಟ. ಆಂಧ್ರಪ್ರದೇಶದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಮಾರ್ಗಸೂಚಿಗಳನ್ನು ನೀಡಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರೊಬ್ಬರಾದರೂ ಇರಬೇಕು. ಚಿಕ್ಕ ಶಾಲೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಹೀಗೆ ನೇಮಕವಾಗುವವರು ನಮ್ಮ ಮಕ್ಕಳೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆಂದು ಕೇಳಬೇಕಾದವರು ನಾವು.

ಕಾಸರಗೋಡಿನ ಮಕ್ಕಳಿಗೆ ಮಲಯಾಳ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತದೆ, ಬಸ್ಸಿಗೆ, ಅಂಗಡಿಗೆ, ಆಟದ ಬಯಲಿಗೆ ಸಾಕಾಗುವಷ್ಟು ಬರುತ್ತದೆ. ಮನೆಯ ಜಗಳವನ್ನೋ ಪರೀಕ್ಷೆಯ ಭಯವನ್ನೋ ಅಪರಿಚಿತರ ಮುಂದೆ ಬಿಚ್ಚಿಡಲು ಅಷ್ಟು ಸಾಲದು. ನಮ್ಮ ಮಕ್ಕಳಲ್ಲಿ ಹಲವರ ಮನೆಮಾತು ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಎಂಬುದನ್ನೂ ಮರೆಯುವಂತಿಲ್ಲ. ಅವರಿಗೆ ಕನ್ನಡವೂ ಶಾಲೆಯಲ್ಲಿ ಕಲಿತ ಭಾಷೆಯೇ. ಆದ್ದರಿಂದ ಇದು ಭಾಷಾಭಿಮಾನದ ಪೈಪೋಟಿಯ ವಿಷಯವಲ್ಲ. ಮಗು ಯಾವ ಮಾತಿನಲ್ಲಿ ಹಗುರಾಗುತ್ತದೆಯೋ ಆ ಮಾತು ಕೊಠಡಿಯಲ್ಲಿರಬೇಕು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಆರಂಭವಾದಾಗ ಅದಕ್ಕೆ ಮಾದರಿಯಾದುದು ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಜನರಿದ್ದಲ್ಲಿಗೇ ಸೇವೆಯನ್ನು ಒಯ್ಯುವುದು ಅದರ ತಿರುಳು. ಜನರ ಮಾತನ್ನು ಬಲ್ಲವರಿಲ್ಲದೆ ಇಂತಹ ಸೇವೆ ಊರಿನಲ್ಲಿ ನೆಲೆಯೂರದು.

ನಾವು ಮಾಡಬಹುದಾದುದೇನು? ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯವನ್ನೆತ್ತಿ, ಕನ್ನಡ ಬಲ್ಲ ಸಮಾಲೋಚಕರಿಗಾಗಿ ಲಿಖಿತ ಬೇಡಿಕೆಯನ್ನು ಸಲ್ಲಿಸಬಹುದು. ಅದನ್ನು ಕನ್ನಡದಲ್ಲಿಯೇ ಬರೆಯೋಣ. ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ನೇಮಕವಾಗುವವರೆಗೆ ಭಾಷಾಂತರಕ್ಕೆ ತರಗತಿಯ ಅಧ್ಯಾಪಕರ ಬದಲು ಮಗು ಒಪ್ಪುವ, ಗುಟ್ಟು ಕಾಯುವ ಬೇರೊಬ್ಬರಿರಲಿ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಆ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸೋಣ. ಇನ್ನು ಮನೆಯಲ್ಲಿ ಮಗು “ಬೇಜಾರು” ಎಂದಾಗ, ಹೋಗಿ ಓದಿಕೋ ಎಂದು ಕಳಿಸುವ ಮೊದಲು, ಎಂಥ ಬೇಜಾರು ಮಗಾ ಎಂದು ಕೇಳಿ, ಅದು ಉತ್ತರಿಸುವವರೆಗೆ ಹತ್ತಿರ ಕುಳಿತಿರೋಣ.