ಡ್ಯಾಂ ಎಷ್ಟಾತು?

ಜುಲೈ ಬಂತೆಂದರೆ ದಾವಣಗೆರೆಯಲ್ಲಿ ‘ಆರಾಮಾ?’ ಎಂದು ವಿಚಾರಿಸುವುದಕ್ಕೂ ಮೊದಲು ‘ಡ್ಯಾಂ ಎಷ್ಟಾತು?’ ಎಂದು ಕೇಳುತ್ತಾರೆ. ಯಾವ ಡ್ಯಾಂ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯ ಇಲ್ಲಿಂದ ಹೆಚ್ಚುಕಮ್ಮಿ 100 ಕಿಲೋಮೀಟರು. ಅದನ್ನು ಕಣ್ಣಾರೆ ನೋಡದವರೂ ಅದರ ತುಂಬು ಮಟ್ಟ 186 ಅಡಿ ಎಂದು ನಿದ್ದೆಗಣ್ಣಲ್ಲೇ ಹೇಳುತ್ತಾರೆ. ‘ನೂರಾ ಅರವತ್ತೆಂಟು’ ಎಂದು ಉತ್ತರ ಬಂದರೆ ಸಾಕು, ಮಾತಿಗೆ ದಾರಿಯಾಯಿತು. ಹೋದ ವರ್ಷ ಈ ಹೊತ್ತಿಗೆ ಎಷ್ಟಿತ್ತು, ಒಳಹರಿವು ಹೇಗಿದೆ, ನಾಲೆಗೆ ಯಾವಾಗ ಬಿಡುತ್ತಾರೆ, ಕೊನೇ ಭಾಗದ ಗದ್ದೆಗಳಿಗೆ ಈ ಸಲವಾದರೂ ನೀರು ಮುಟ್ಟೀತೇ!

ಚೌಕಿಪೇಟೆಯ ಬಟ್ಟೆ ವ್ಯಾಪಾರಿಗೆ ಡ್ಯಾಮಿನ ಚಿಂತೆ ಏಕೆ ಎಂದು ಹೊಸಬರಿಗೆ ಅನ್ನಿಸಬಹುದು. ನಾಲೆಗೆ ನೀರು ಬಂದರೆ ನಾಟಿ. ನಾಟಿಯಾದರೆ ಭತ್ತ. ಭತ್ತ ಬಂದರೆ ರೈಸ್‌ಮಿಲ್ಲು, ಲಾರಿ, ಹಮಾಲರು, ಮಂಡಕ್ಕಿ ಭಟ್ಟಿ ಎಲ್ಲಕ್ಕೂ ಕೈತುಂಬ ಕೆಲಸ. ಭತ್ತ ಮಾರಿದ ದುಡ್ಡು ಹಳ್ಳಿಯಿಂದ ಮದುವೆ ಜವಳಿಗೆಂದು ಮತ್ತೆ ಪೇಟೆಗೇ ಬರುತ್ತದೆ. ಹಾಗಾಗಿ ಕಳಸದಲ್ಲಿ ಬಿದ್ದ ಮಳೆ ದಾವಣಗೆರೆಯ ಗಲ್ಲಾಪೆಟ್ಟಿಗೆವರೆಗೂ ಹರಿಯುತ್ತದೆ. ಈ ಲೆಕ್ಕವನ್ನು ನನಗೆ ಯಾವ ಪುಸ್ತಕವೂ ಹೇಳಿಕೊಡಲಿಲ್ಲ, ಸಂಜೆ ಹೊತ್ತು ಮಂಡಕ್ಕಿ ಅಂಗಡಿ ಮುಂದೆ ಕೂತವರು ಹೇಳಿಕೊಟ್ಟರು.

ನನಗೆ ಹರಟೆಯ ಹುಚ್ಚು. ಕೆಲವರಿಗೆ ಕ್ರಿಕೆಟ್ಟು, ಕೆಲವರಿಗೆ ಸಂಗೀತ ಇರುವ ಹಾಗೆ. ಊರಿನ ಮಾತು ಕೇಳುವುದು, ನನ್ನದೂ ಒಂದೆರಡು ಸೇರಿಸುವುದು, ಗಂಟಲು ಆರುವವರೆಗೆ ಆಡಿ ಮನೆಗೆ ಬಂದು ಮಲಗುವುದು. ಇದಕ್ಕಿಂತ ಹೆಚ್ಚಿನ ಸುಖವನ್ನು ನಾನು ಬೇರೆ ಹವ್ಯಾಸದಲ್ಲಿ ಕಂಡಿಲ್ಲ.

ಹರಟೆಗೆ ಜಾಗ ಬೇಕು, ಹೊತ್ತು ಬೇಕು, ಬಾಯಿಗೆ ಸಣ್ಣ ಕೆಲಸವೂ ಬೇಕು. ದಾವಣಗೆರೆಯಲ್ಲಿ ಈ ಮೂರನ್ನೂ ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಒಟ್ಟಿಗೇ ಕೊಡುತ್ತದೆ. ಹೊರಗಿನವರು ಊರಿನ ಬೆಣ್ಣೆದೋಸೆಯನ್ನು ಹೊಗಳುತ್ತಾರೆ. ದೋಸೆಯ ಬಗ್ಗೆ ನನಗೂ ಪ್ರೀತಿಯೇ. ಆದರೆ ದೋಸೆ ಬಿಸಿ ಇರುವಾಗಲೇ ತಿನ್ನಬೇಕು, ತಿಂದವನು ಎದ್ದು ಇನ್ನೊಬ್ಬನಿಗೆ ಜಾಗ ಬಿಡಬೇಕು. ಮಂಡಕ್ಕಿಗೆ ಆ ಅವಸರವಿಲ್ಲ. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಎದುರಿನವರ ಮಾತು ಕೇಳಬಹುದು, ಅವರು ಮುಗಿಸುವಷ್ಟರಲ್ಲಿ ನಮ್ಮ ಬಾಯಿ ಖಾಲಿಯಾಗಿರುತ್ತದೆ. ಕೇಳುವ ಸರದಿ, ಆಡುವ ಸರದಿ ಎರಡನ್ನೂ ಅದೇ ಹಂಚಿಕೊಡುತ್ತದೆ.

ಅಂಗಡಿಯವರ ಕೈ ನೋಡುವುದೇ ಒಂದು ಸಂತೋಷ. ಅಗಲವಾದ ಪಾತ್ರೆಗೆ ಮಂಡಕ್ಕಿ ಸುರಿದು, ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹಾಕುತ್ತಾರೆ. ಮೇಲೆ ಒಗ್ಗರಣೆ ಎಣ್ಣೆ, ಹಸಿಖಾರ, ಪುಟಾಣಿ ಹಿಟ್ಟು, ಒಂದು ಹಿಡಿ ಶೇಂಗಾ. ನಿಂಬೆಹಣ್ಣನ್ನು ಕೊನೆಗೆ ಹಿಂಡುತ್ತಾರೆ. ಕಲೆಸುವುದರಲ್ಲೇ ಅವರ ಕಸುಬು ಗೊತ್ತಾಗುವುದು. ಬೆರಳುಗಳು ತಳದಿಂದ ಮೇಲಕ್ಕೆ ಎತ್ತಿ ಬಿಡುತ್ತವೆ, ಒತ್ತುವುದಿಲ್ಲ. ಒತ್ತಿದರೆ ಮಂಡಕ್ಕಿ ಮೆತ್ತಗಾಗುತ್ತದೆ. ಪಕ್ಕದ ಬಾಣಲೆಯಲ್ಲಿ ಕಡಲೆಹಿಟ್ಟಿನಲ್ಲಿ ಅದ್ದಿ ಬಿಟ್ಟ ಮೆಣಸಿನಕಾಯಿ ಉಬ್ಬಿ ಮೇಲೆ ಬರುತ್ತದೆ. ಪೇಪರ್ ಮೇಲೆ ಮಂಡಕ್ಕಿ, ಅದರ ಮಗ್ಗುಲಲ್ಲಿ ಎರಡು ಮೆಣಸಿನಕಾಯಿ. ಖಾರ ಒಲ್ಲದವರಿಗೆ ಅರಿಸಿನ ಬಣ್ಣದ, ಗರಿಗರಿಯಾದ ನರ್ಗಿಸ್ ಮಂಡಕ್ಕಿ ಇದ್ದೇ ಇದೆ.

ಈ ಮಂಡಕ್ಕಿ ಬರುವುದು ಹಳೇ ದಾವಣಗೆರೆಯ ಭಟ್ಟಿಗಳಿಂದ. ನೆನೆಸಿ ಬೇಯಿಸಿದ ಭತ್ತವನ್ನು ಒಣಗಿಸಿ, ಹೊಟ್ಟು ತೆಗೆದು, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿಗೆ ಸುರಿದು ಹುರಿಯುತ್ತಾರೆ. ಚಟಚಟ ಎಂದು ಅರಳಿತೋ, ಜರಡಿ ಹಿಡಿದು ಮರಳನ್ನು ಬೇರೆ ಮಾಡಬೇಕು. ಒಂದು ಗಳಿಗೆ ತಡವಾದರೂ ಸೀಯುತ್ತದೆ. ಆ ಉರಿಯ ಮುಂದೆ ನಿಂತು ಮನೆಮಂದಿಯೆಲ್ಲ ದುಡಿಯುವ ಕುಟುಂಬಗಳಿವೆ. ಅವರ ಬೆವರಿನ ಮೇಲೆ ನಮ್ಮ ಸಂಜೆಗಳು ಕೂತಿವೆ ಎಂಬುದನ್ನು ನಾನು ಮರೆಯುವುದಿಲ್ಲ.

ಒಂದು ಸಂಜೆಯ ಮಾತು ಹೀಗೆ ನಡೆಯಿತು. ಆಟೊ ಓಡಿಸುವ ಹುಡುಗನೊಬ್ಬ ಬಂದು ಕೂತವನೇ ಕೇಳಿದ: ‘ಏನ್ ಕಾಕಾ, ಮಲೆನಾಡ್ನಾಗೆ ಮಳೆ ಹಿಡ್ಕಂಡೈತಂತೆ?’

‘ಹಿಡ್ದೈತಪಾ. ಶೃಂಗೇರಿಯಾಗೆ ನಮ್ಮ ಅಳಿಯ ಅದಾನಲ್ಲ, ಬೆಳಿಗ್ಗೆ ಫೋನ್ ಮಾಡಿದ್ದ. ಮೂರು ದಿನದಿಂದ ಬಿಟ್ಟಿಲ್ಲಂತೆ.’

ಅತ್ತ ಮೂಲೆಯಲ್ಲಿ ಕೂತಿದ್ದ ಹಿರಿಯರು ಮಂಡಕ್ಕಿಯ ಪೇಪರ್ ಮಡಿಸುತ್ತ ತಲೆ ಎತ್ತಿದರು. ‘ಶೃಂಗೇರಿ ಮಳೆ ತುಂಗೆಗೆ ಹೋಗ್ತೈತಿ ಕಣ್ರಪಾ. ಅದು ಕೂಡ್ಲಿಯಾಗೆ ಬಂದು ಭದ್ರೆ ಸೇರೋದು ಡ್ಯಾಂ ದಾಟಿದ ಮ್ಯಾಲೆ. ನಮ್ಗೆ ಕಳಸ, ಬಾಳೆಹೊನ್ನೂರಾಗೆ ಬೀಳ್ಬೇಕು.’

ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಆಮೇಲೆ ಆಟೊದ ಹುಡುಗ, ‘ಹಂಗಾರೆ ಕಳಸದಾಗೆ ಯಾರದಾರೆ ನಿಮ್ಮೋರು?’ ಎಂದ. ಯಾರದೋ ತಂಗಿ, ಯಾರದೋ ಷಡ್ಡಕ ಎಂದು ನೆನಪು ಕೆದಕಿ, ಕೊನೆಗೂ ಒಬ್ಬರು ಸಿಕ್ಕರು. ಅಲ್ಲೇ ಫೋನ್ ಹಚ್ಚಿದ್ದೂ ಆಯಿತು.

ಆ ಹಿರಿಯರು ಬಟ್ಟೆ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ಪಾಳಿ ಮುಗಿದ ಸೈರನ್ ಕೂಗಿದರೆ ಸೈಕಲ್ಲುಗಳ ಸಾಲು ಪಿ.ಬಿ. ರಸ್ತೆಯನ್ನು ತುಂಬುತ್ತಿತ್ತು ಎಂದು ಅವರು ಹೇಳುತ್ತಾರೆ. ಗಿರಣಿಗಳು ಒಂದೊಂದಾಗಿ ನಿಂತವು. ಎಷ್ಟೋ ಮನೆಗಳ ಒಲೆ ಆ ದಿನಗಳಲ್ಲಿ ತಣ್ಣಗಾಯಿತು. ಅದನ್ನು ಅವರು ಗೋಳಾಡದೆ ಹೇಳುತ್ತಾರೆ. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸದೆ ಇದ್ದಾಗ ಕೈಸನ್ನೆಯಲ್ಲೇ ಹರಟುತ್ತಿದ್ದೆವೆಂದು ತೋರಿಸಿಕೊಟ್ಟರು. ಹಣೆಗೆ ಎರಡು ಬೆರಳು ಎಂದರೆ ಮೇಸ್ತ್ರಿ ಬಂದ, ಹೆಬ್ಬೆರಳು ತುಟಿಗೆ ಎಂದರೆ ಚಾ. ಅವರ ಹರಟೆಯನ್ನು ನಾನು ಗುರುವಿನ ಪಾಠದ ಹಾಗೆ ಕೇಳುತ್ತೇನೆ. ತಮಗೆ ಗೊತ್ತಿರುವುದನ್ನು ಒಮ್ಮೆಲೇ ಸುರಿಯುವುದಿಲ್ಲ. ಎದುರಿನವರಿಗೆ ಗೊತ್ತಿರುವ ತುದಿಯಿಂದ ಹಿಡಿದು ಎಳೆಯುತ್ತಾರೆ. ಕಿರಿಯರು ಬಾಯಿ ಹಾಕಿದರೆ ನಿಲ್ಲಿಸಿ, ‘ಹ್ಞೂ, ನೀ ಹೇಳು’ ಎನ್ನುತ್ತಾರೆ. ಯಾರ ಮನೆಯ ನೋವಿನ ಸುದ್ದಿ ಬಂದರೂ ಮಾತನ್ನು ಮೆಲ್ಲಗೆ ಬೇರೆ ಕಡೆ ತಿರುಗಿಸುತ್ತಾರೆ. ಹೆಣ್ಣುಮಕ್ಕಳ ಹೆಸರು ಕಟ್ಟೆಯ ಮೇಲೆ ಬರಲು ಬಿಡುವುದಿಲ್ಲ. ಚಾಡಿಗೂ ಹರಟೆಗೂ ಇರುವ ಗೆರೆಯನ್ನು ಇಷ್ಟು ಚೆನ್ನಾಗಿ ಕಾಯುವವರನ್ನು ನಾನು ಹೆಚ್ಚು ಕಂಡಿಲ್ಲ.

ಹರಟೆಗೆ ಊರಿನ ಅಳತೆಯೂ ಸರಿಯಾಗಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಸಣ್ಣ ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲ ಗೊತ್ತು, ಹೊಸದಾಗಿ ಹೇಳುವುದು ಕಡಿಮೆ. ಬೆಂಗಳೂರಿನಲ್ಲಿ ಎದುರು ಮನೆಯವರ ಹೆಸರೂ ತಿಳಿಯುವುದಿಲ್ಲ, ಹೇಳುವುದು ಯಾರಿಗೆ? 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ 1997ರಲ್ಲಿ ಜಿಲ್ಲೆಯಾಯಿತು, 2007ರಲ್ಲಿ ಮಹಾನಗರ ಪಾಲಿಕೆಯಾಯಿತು. ಬೆಳೆಯುತ್ತಲೇ ಇದೆ. ಆದರೂ ಇಲ್ಲಿ ಅಪರಿಚಿತರಿಬ್ಬರು ಪಕ್ಕದಲ್ಲಿ ಕೂತರೆ ಎರಡು ಮೂರು ಪ್ರಶ್ನೆಯಲ್ಲಿ ಒಬ್ಬ ಪರಿಚಿತ ಸಿಗುತ್ತಾನೆ. ‘ಯಾವೂರಾತು?’ ‘ಮಲೇಬೆನ್ನೂರು ಹತ್ರ.’ ‘ಮನೆ ಎಲ್ಲಿ ಮಾಡೀರಿ?’ ‘ವಿದ್ಯಾನಗರ.’ ‘ಹಂಗಾದ್ರೆ ನಮ್ಮ ಹೈಸ್ಕೂಲ್ ಮೇಷ್ಟ್ರು ಗೊತ್ತಿರ್ಬೇಕಲ್ಲ!’ ಗೊತ್ತಿರುತ್ತಾರೆ. ಅಲ್ಲಿಂದ ಮುಂದೆ ಇಬ್ಬರೂ ಅಪರಿಚಿತರಲ್ಲ.

ಊರ ನಡುವೆ ಹಾದುಹೋಗುವ ರೈಲು ಕೂಡ ನಮ್ಮ ಹರಟೆಗೆ ತನ್ನ ಪಾಲು ಕೊಟ್ಟಿದೆ. ಅಶೋಕ ರಸ್ತೆಯ ರೈಲ್ವೆ ಗೇಟು ಎಷ್ಟೋ ವರ್ಷ ಊರನ್ನು ಎರಡು ಹೋಳು ಮಾಡಿ ನಿಲ್ಲಿಸುತ್ತಿತ್ತು. ಗೇಟು ಬಿತ್ತೆಂದರೆ ಸ್ಕೂಟರಿನವರು ಎಂಜಿನ್ ಆರಿಸುತ್ತಿದ್ದರು, ಆಸ್ಪತ್ರೆಗೆ ಹೊರಟವರ ಜೀವ ಒದ್ದಾಡುತ್ತಿತ್ತು. ಆ ಗೇಟಿನಿಂದ ಊರು ಪಟ್ಟ ಕಷ್ಟ ಸಣ್ಣದಲ್ಲ, ಅದು ಮತ್ತೆ ಬೇಕೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಕಾಯುತ್ತಾ ನಿಂತಾಗ ಶುರುವಾದ ಎಷ್ಟೋ ಗೆಳೆತನಗಳು ಇಂದಿಗೂ ಇವೆ ಎಂಬುದಂತೂ ನಿಜ.

ಬೆಳಗಿನ ಹರಟೆಯ ಬಣ್ಣ ಬೇರೆ. ಚಾ ಅಂಗಡಿಯಲ್ಲಿ ಊರಿನ ಪತ್ರಿಕೆ ಹಾಳೆ ಹಾಳೆಯಾಗಿ ಕೈ ಬದಲಿಸುತ್ತದೆ. ಹಿರಿಯರು ಮೊದಲು ನೋಡುವುದು ನಿಧನ ವಾರ್ತೆ. ಫೋಟೊ ನೋಡಿ, ‘ಅಯ್ಯೋ, ಇವ್ರು ಕೆ.ಟಿ.ಜೆ. ನಗರದೋರಲ್ಲವೇ?’ ಎಂದು ಒಬ್ಬರು, ‘ಮಗ ಹೊರದೇಶದಾಗೆ ಇರ್ಬೇಕು, ಬಂದ್ನೋ ಇಲ್ವೋ’ ಎಂದು ಮತ್ತೊಬ್ಬರು. ಅಂತ್ಯಕ್ರಿಯೆಗೆ ಹತ್ತು ಜನ ಹೆಚ್ಚು ಸೇರುವುದು ಈ ಮಾತಿನಿಂದ. ರಕ್ತ ಬೇಕಾದವರಿಗೆ ದಾನಿ ಸಿಗುವುದು, ಓದಲು ಬಂದ ಹಳ್ಳಿಯ ಹುಡುಗನಿಗೆ ರೂಮು ಸಿಗುವುದು, ಕೆಲಸ ಬಿಟ್ಟವನಿಗೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಗುವುದೂ ಇದರಿಂದಲೇ.

ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಮಾತ್ರ ಇಡೀ ಊರೇ ಒಂದು ಕಟ್ಟೆಯಾಗುತ್ತದೆ. ಮನೆಮನೆಗೆ ನೆಂಟರು. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಅಕ್ಕತಂಗಿಯರು ಅಡುಗೆಮನೆಯಲ್ಲಿ ಕೂತು ಎರಡು ವರ್ಷದ ಬಾಕಿ ಮಾತನ್ನೆಲ್ಲ ತೀರಿಸುತ್ತಾರೆ. ಈರುಳ್ಳಿ ಹೆಚ್ಚುವ ಕೈ, ಬಾಯಿ, ನಗು ಯಾವುದೂ ನಿಲ್ಲುವುದಿಲ್ಲ. ಅಲ್ಲಿಗೆ ಗಂಡಸರು ಕಾಲಿಟ್ಟರೆ, ‘ನಿಂಗೇನ್ ಕೆಲ್ಸ ಇಲ್ಲಿ, ಹೊರಗೋಗು’ ಎಂದು ಅಟ್ಟುತ್ತಾರೆ. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಷ್ಟರಿಂದಲೇ ಹೇಳಬಲ್ಲೆ, ನಮ್ಮ ಮಂಡಕ್ಕಿ ಅಂಗಡಿಯ ಹರಟೆಗಿಂತ ಅದು ಒಂದು ಕೈ ಮೇಲು.

ಈಚೆಗೆ ಅಂಗಡಿಗೆ ಬರುವ ಎಷ್ಟೋ ಮಂದಿ ಗಾಡಿಯಿಂದ ಇಳಿಯದೆ, ಹೆಲ್ಮೆಟ್ಟೂ ತೆಗೆಯದೆ ‘ಎರಡು ಕಟ್ರಿ’ ಎನ್ನುತ್ತಾರೆ. ಅವರ ಅವಸರ ಅವರಿಗೆ. ನೀವು ದಾವಣಗೆರೆಗೆ ಬಂದರೆ ಮಾತ್ರ ದಯವಿಟ್ಟು ಮಂಡಕ್ಕಿ ಕಟ್ಟಿಸಿಕೊಂಡು ಹೋಗಬೇಡಿ. ಮನೆ ಮುಟ್ಟುವಷ್ಟರಲ್ಲಿ ಅದು ಮೆತ್ತಗಾಗಿರುತ್ತದೆ. ಅಲ್ಲೇ ಬೆಂಚಿನ ಮೇಲೆ ಕೂತು ತಿನ್ನಿ. ಪಕ್ಕದವರನ್ನು ಡ್ಯಾಂ ಎಷ್ಟಾತು ಎಂದು ಕೇಳಿ. ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ.