ಆಯಿ ಹೇಳಿದ ಉಳಿದರ್ಧ

ಏಪ್ರಿಲ್ 14ರ ರಾತ್ರಿ ನಮ್ಮ ಆಯಿ ನನ್ನ ಕೂಡ ಮಾತು ಬಿಟ್ಟಳು. ಮೂರು ದಿನ. 83 ವರ್ಷದ ಮುದುಕಿ, ಆಕಿ ಮಾತು ಬಿಟ್ಟಳು ಅಂದ್ರ ನಮ್ಮನಿ ಸ್ಮಶಾನ ಆದಂಗ. ಈ ಪೋಸ್ಟ್ ಬರೆಯೋದಕ್ಕೆ ಅದೇ ಕಾರಣ. ಉದ್ದ ಐತಿ, ಪುರುಸೊತ್ತು ಮಾಡಿಕೊಂಡು ಓದ್ರಿ.

ಅವತ್ತು ರಾಣೇಬೆನ್ನೂರಿನಲ್ಲಿ ಬಾಬಾಸಾಹೇಬರ ಜಯಂತಿ. ನನಗೂ ಹತ್ತು ನಿಮಿಷ ಮಾತಾಡಲು ಕೊಟ್ಟಿದ್ದರು. ನಾನು ಆಯಿಯ ಕಥೆ ಹೇಳಿದೆ. ಸಣ್ಣ ಹುಡುಗಿಯಾಗಿದ್ದಾಗ ಸೇದೋ ಬಾವಿಯ ಕಟ್ಟೆಯಿಂದ ದೂರ ಕೊಡ ಇಟ್ಟು, ಯಾರಾದರೂ ಮ್ಯಾಲಿನಿಂದ ನೀರು ಹೊಯ್ಯುತ್ತಾರೇನೋ ಅಂತ ಬಿಸಿಲಾಗ ನಿಲ್ಲುತ್ತಿದ್ದದ್ದು. ದಾರಿಯಲ್ಲಿ ಬೊಗಸೆ ಒಡ್ಡಿ ನೀರು ಕುಡಿದದ್ದು. ಸಭೆ ಗಪ್‌ಚಿಪ್ ಆಯಿತು, ಒಬ್ಬಿಬ್ಬರು ಕಣ್ಣು ಒರೆಸಿಕೊಂಡರು, ಕೊನೆಗೆ ಜೋರು ಚಪ್ಪಾಳೆ. ಆಯಿ ಮೂರನೇ ಸಾಲಿನ ಕುರ್ಚಿಯಲ್ಲಿ ನೀಲಿ ಶಾಲು ಹೊದ್ದು ಕೂತಿದ್ದಳು. ಆಕೆಗೆ ಹೆಮ್ಮೆ ಆಗಿರಬೇಕು ಅಂತ ನಾನು ಅಂದುಕೊಂಡೆ.

ನಾಲ್ಕನೇ ದಿನ ಬಾಯಿ ಬಿಟ್ಟಳು. "ಅಷ್ಟು ಮಂದಿ ಮುಂದ ನನ್ನ ಮತ್ತೊಮ್ಮೆ ಬೊಗಸಿ ಒಡ್ಡಿಸಿ ನಿಲ್ಲಿಸಿದೆಲ್ಲ ಯವ್ವಾ."

ನಾನು ಏನೇನೋ ಸಮಜಾಯಿಷಿ ಕೊಟ್ಟೆ. ಚರಿತ್ರೆ ಹೇಳಬೇಕಲ್ಲ, ಮುಂದಿನ ಮಕ್ಕಳಿಗೆ ಗೊತ್ತಾಗಬೇಕಲ್ಲ ಅಂತ. ಆಕಿ ಕೈ ಮಾಡಿ ನಿಲ್ಲಿಸಿದಳು. "ನಿಂತಿದ್ದು ಖರೆ. ಸುಳ್ಳು ಅನ್ನಾಕತ್ತಿಲ್ಲ. ಆದ್ರ ಬರೇ ಅಷ್ಟ ಏನು ನಾನು? ನೀ ಓದಿದಾಕಿ. ಹೇಳೂದಾದ್ರ ಪೂರಾ ಹೇಳು, ಇಲ್ಲಾಂದ್ರ ಸುಮ್ನಿರು."

ಸರಿ, ಪೂರಾ ಹೇಳಲು ಕೂತಿದ್ದೇನೆ.

ಆಯಿಯ ತವರು ಬ್ಯಾಡಗಿ ತಾಲೂಕಿನ ಒಂದು ಹಳ್ಳಿ. ಹೆಸರು ಬರೆಯೋದಿಲ್ಲ, ಯಾಕಂತ ಮುಂದೆ ಗೊತ್ತಾಗುತ್ತದೆ. ನಾವು ಛಲವಾದಿ ಕೇರಿಯವರು. ಆಯಿಯ ಅಪ್ಪ, ಅಂದರೆ ನನ್ನ ಮುತ್ತಜ್ಜ, ಊರಿನ ವಾಲಿಕಾರ. ವತನದ ಚಾಕರಿ. ಚಾವಡಿಗೆ ಮಂದಿ ಕರೀಬೇಕು, ಯಾರರ ಸತ್ತರೆ ಪರವೂರಿಗೆ ಸುದ್ದಿ ಒಯ್ಯಬೇಕು, ಸಾಹೇಬರು ಬಂದರೆ ಅವರ ಗಂಟು ಹೊರಬೇಕು, ಕಂದಾಯದ ದುಡ್ಡು ತಾಲೂಕಿಗೆ ಮುಟ್ಟಿಸಬೇಕು. ಇದಕ್ಕೆ ಸುಗ್ಗಿಯಲ್ಲಿ ಕಣದ ಮೂಲೆಯ ಕಾಳು, ಮತ್ತೆ 2 ಎಕರೆ ಚಿಲ್ಲರೆ ವತನದ ಹೊಲ.

ಆಯಿಗೆ ತನ್ನ ವಯಸ್ಸು ಗೊತ್ತಿರೋದೂ ಈ ಕಂದಾಯದ ಲೆಕ್ಕದಿಂದಲೇ. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದದ್ದು 1943ರ ಏಪ್ರಿಲ್ 1. ಬ್ರಿಟಿಷರ ಕಂದಾಯದ ಹಣ ಕಸಿಯಲು ಹೋದಾಗ. ಅವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಸತ್ತರು. ಆಗ ಆಯಿ ಅಂಬೆಗಾಲು ಇಡುತ್ತಿದ್ದಳಂತೆ. ಆ ವರ್ಷ ಕಂದಾಯದ ಗಂಟು ಹೊತ್ತು ನಡೆಯುವ ವಾಲಿಕಾರರ ಗತಿ ಏನಾಗಿರಬೇಕು ಯೋಚನೆ ಮಾಡ್ರಿ. ಇತ್ತ ಗೌಡ, ಕುಲಕರ್ಣಿ, ಪೊಲೀಸರ ಹೆದರಿಕೆ. ಅತ್ತ ಸ್ವಾತಂತ್ರ್ಯದ ಹುಡುಗರು ಯಾವ ಹಳ್ಳದಾಗ ಅಡ್ಡ ಬರ್ತಾರೋ. ಗಂಟು ಹೋದರೆ ಕಳ್ಳ ಅಂತ ಮೊದಲು ಹಿಡಿಯೋದು ಹೊತ್ತವನನ್ನೇ. ಮುತ್ತಜ್ಜ ರಾತ್ರಿ ನಡೆಯುವುದು ಬಿಟ್ಟು, ಹಗಲು ಸಂತೆ ಮಂದಿ ನಡುವೆ, ಜೋಳದ ಚೀಲದಲ್ಲಿ ದುಡ್ಡು ಹುಗಿದು ಒಯ್ಯುತ್ತಿದ್ದನಂತೆ. "ಒಂದು ಪೈ ಕಮ್ಮಿ ಆಗಲಿಲ್ಲ" ಅನ್ನುವಾಗ ಆಯಿಯ ಬೆನ್ನು ಈಗಲೂ ನೆಟ್ಟಗಾಗುತ್ತದೆ.

ಇದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದು. ಊರಿನ ಎಲ್ಲೆ. ಎರಡು ಊರಿನ ನಡುವೆ ಗಡಿ ತಕರಾರು ಬಂದರೆ ಕಡೆಯ ಮಾತು ವಾಲಿಕಾರನದು. ಗೌಡನದಲ್ಲ, ಕುಲಕರ್ಣಿಯ ದಫ್ತರದ್ದೂ ಅಲ್ಲ. ಆಯಿಯ ಮುತ್ತ್ಯಾ ಒಮ್ಮೆ ತಲೆ ಮ್ಯಾಲೆ ಊರ ಮಣ್ಣಿನ ಹೆಂಟೆ ಇಟ್ಟುಕೊಂಡು, ಎರಡೂ ಊರ ಮಂದಿ ಹಿಂದೆ ಬರುತ್ತಿರಲು, ಎಲ್ಲೆ ಉದ್ದಕ್ಕೂ ನಡೆದಿದ್ದನಂತೆ. ಅವನು ಕಾಲಿಟ್ಟದ್ದೇ ಗಡಿ. "ಅವತ್ತು ಗೌಡಾನೂ ನಮ್ಮ ಮುತ್ತ್ಯಾನ ಹಿಂದ ನಡದಾನ, ತಿಳೀತಿಲ್ಲೋ?" ಅಂತಾಳೆ.

ಇಲ್ಲಿ ನನಗೂ ಆಯಿಗೂ ಜಗಳ. ಯಾರ ಹೊಲ ಎಲ್ಲಿ ಮುಗಿಯುತ್ತದೆ, ಯಾವ ಊರು ಎಲ್ಲಿ ಶುರು ಆಗುತ್ತದೆ ಅಂತ ಹೇಳುವ ಮನುಷ್ಯನನ್ನೇ ಊರ ಹೊರಗೆ ಇಟ್ಟಿದ್ದರಲ್ಲ ಆಯಿ, ಅದರಾಗ ಹೆಮ್ಮಿ ಏನು ಬಂತು? ಬಾಬಾಸಾಹೇಬರು 1928ರಲ್ಲೇ ಮುಂಬೈ ವಿಧಾನ ಪರಿಷತ್ತಿನಲ್ಲಿ ವತನದ ವಿರುದ್ಧ ಮಸೂದೆ ಮಂಡಿಸಿದ್ದರು. 1874ರ ವತನ ಕಾಯ್ದೆಗೆ ತಿದ್ದುಪಡಿ. ಹಗಲು ರಾತ್ರಿ ಇಲ್ಲದ ದುಡಿತ, ಅದಕ್ಕೆ ಪುಡಿಗಾಸು, ಮನೆಯವರೆಲ್ಲ ಸರಕಾರಕ್ಕೂ ಊರಿಗೂ ಬಿಟ್ಟಿ ಆಳು. ನಮ್ಮ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಆಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಅಂದರೆ ಆ ಮಸೂದೆ ನನ್ನ ಮುತ್ತಜ್ಜನ ಬಗ್ಗೆಯೂ ಇತ್ತು. ಆಗ ಅದು ಕಾಯ್ದೆ ಆಗಲಿಲ್ಲ. ಬಾಬಾಸಾಹೇಬರು ಕಿತ್ತು ಒಗೆಯಬೇಕೆಂದ ಚಾಕರಿಯನ್ನು ನಾನು ಮೆರೆಸಲು ಆಗುವುದಿಲ್ಲ. ಇನ್ನೂ ಒಂದು ಭಯ ಐತಿ. ಈ ಮಾತನ್ನು ಹಿಡಿದು 'ನೋಡ್ರಿ, ಹಿಂದಿನ ಕಾಲದಾಗ ಎಲ್ಲಾರೂ ಹೊಂದಿಕೊಂಡು ಇದ್ರು' ಅನ್ನೋ ಮಂದಿ ಕಾಯ್ದುಕೊಂಡೇ ಕೂತಿರುತ್ತಾರೆ.

ಇದನ್ನೆಲ್ಲ ಆಯಿಗೆ ಹೇಳಿದೆ. ಕೇಳಿದಳು. ಎಲೆ ಅಡಿಕೆ ಹಾಕಿಕೊಂಡಳು. "ಬಾಬಾಸಾಹೇಬ್ರು ಹೇಳಿದ್ದು ಖರೆ ಐತಿ. ಚಾಕರಿ ಹಲ್ಕಟ್ಟ. ಚಾಕರಿ ಮಾಡಿದ ನಮ್ಮಪ್ಪ ಹಲ್ಕಟ್ಟ ಅಲ್ಲ. ನಾ ಊರಿನ ಹೆಮ್ಮಿ ಹೇಳಾಕತ್ತಿಲ್ಲ, ನಮ್ಮಪ್ಪಂದು ಹೇಳಾಕತ್ತೇನಿ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ನಮ್ಮ ಜಿಲ್ಲೆಯ ಹೆಮ್ಮೆ ಅಂತ ವೇದಿಕೆ ಮೇಲೆ ಹೇಳುವ ಪಟ್ಟಿ ನಿಮಗೆ ಗೊತ್ತೇ ಐತಿ. ಕಾಗಿನೆಲೆಯ ಕನಕದಾಸರು, ಚೌಡಯ್ಯದಾನಪುರದ ಅಂಬಿಗರ ಚೌಡಯ್ಯ, ಸರ್ವಜ್ಞ, ಶಿಶುನಾಳದ ಶರೀಫಜ್ಜ, ಆಮೇಲೆ ಬ್ಯಾಡಗಿ ಮೆಣಸಿನಕಾಯಿ. ಹಿಂದಿನವರೆಲ್ಲ ಜಾತಿಯ ಬಗ್ಗೆ ಏನು ಹೇಳಿದ್ದರು ಅನ್ನೋದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ, ಇರಲಿ. ಆದರೆ ಕೊನೆಯ ಆ ಮೆಣಸಿನಕಾಯಿ ಬಗ್ಗೆ ಆಯಿಗೆ ಹೇಳೋದು ಬಾಳ ಐತಿ.

ಮದುವೆ ಆದ ಮೇಲೂ ಆಯಿ ತವರಲ್ಲೇ ಉಳಿದಳು. ಒಬ್ಬಳೇ ಮಗಳು, ಅಜ್ಜ ಮನೆ ಅಳಿಯ. ಸುಗ್ಗಿ ಮುಗಿದ ಮೇಲೆ ಬ್ಯಾಡಗಿ ಪ್ಯಾಟಿಗೆ ಹೋಗಿ ಮೆಣಸಿನಕಾಯಿ ತುಂಬು ಬಿಡಿಸುವ ಕೆಲಸ. ಗೊತ್ತಿಲ್ಲದವರಿಗೆ ಹೇಳ್ತೀನಿ, ತುಂಬು ಅಂದರೆ ತೊಟ್ಟು. ಕಾಯಿ ಮುರಿಯಬಾರದು, ಬೀಜ ಚೆಲ್ಲಬಾರದು, ತೊಟ್ಟು ಮಾತ್ರ ಬರಬೇಕು. ಕಿಲೋ ಲೆಕ್ಕದಲ್ಲಿ ಕೂಲಿ. ಸೋಮವಾರ, ಗುರುವಾರ ಮಾರುಕಟ್ಟೆ ದಿನ ಗಾಡಿಗಟ್ಟಲೆ ಕಾಯಿ ಬರುತ್ತಿತ್ತು. ಬ್ಯಾಡಗಿ ಕಾಯಿ ಖಾರ ಕಮ್ಮಿ ಅಂತಾರೆ ತಿನ್ನುವವರು. ದಿನಾ ಎಂಟು ತಾಸು ಬಿಡಿಸುವವರ ಬೆರಳನ್ನು ಕೇಳಬೇಕು. ಸಂಜೆ ಮನೆಗೆ ಬಂದು ಕೂಸಿಗೆ ಮೊಲೆ ಕೊಡುವ ಮೊದಲು ಬೂದಿ ಹಚ್ಚಿ, ಮಜ್ಜಿಗೆ ಹಚ್ಚಿ ಎರಡೆರಡು ಸಲ ಕೈ ತೊಳೆದರೂ ಕೂಸು ಅಳುತ್ತಿತ್ತು. ಆ ಕೂಸು ನನ್ನ ಅಪ್ಪ.

ಆದರೂ ಆಯಿ ಆ ದಿನಗಳನ್ನು ನೆನಸಿದರೆ ಮುಖ ಅರಳುತ್ತದೆ. ಇಪ್ಪತ್ತು ಮೂವತ್ತು ಹೆಣ್ಣುಮಕ್ಕಳು ಕೂಡಿ ಕೂತು ಸೀನುತ್ತ, ನಗುತ್ತ, ಹಾಡು ಹೇಳುತ್ತ. ನಮ್ಮ ಕೇರಿಯವರು, ಮಾದರ ಕೇರಿಯವರು, ಮುಸ್ಲಿಮರ ಹೆಣ್ಣುಮಕ್ಕಳು ಒಂದೇ ಬುತ್ತಿ. ರೊಟ್ಟಿ ಮ್ಯಾಲೆ ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ. ಆಯಿಗೆ ಕಾಯಿ ನೋಡುವ ಕಣ್ಣು ಬಂದಿತ್ತು. ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ, ಬಣ್ಣ ಗಾಢ. ಕಡ್ಡಿ ಉದ್ದ, ತೆಳ್ಳಗ, ಮೈತುಂಬ ಸುಕ್ಕು. ಇದು ಎಲ್ಲರಿಗೂ ಗೊತ್ತು. ಆಯಿ ಚೀಲದೊಳಗೆ ಮೊಣಕೈವರೆಗೂ ಕೈ ಹಾಕಿ, ಒಂದು ಮುಷ್ಟಿ ತೆಗೆದು, ಅಲುಗಾಡಿಸಿ ಸಪ್ಪಳ ಕೇಳಿಯೇ ಇದಕ್ಕೆ ತೂಕಕ್ಕೆ ನೀರು ಹೊಡೆದಾರೆ ಅಂತ ಹೇಳುತ್ತಿದ್ದಳಂತೆ. ಒಣಗಿದ ಕಾಯಿ ಗಲಗಲ ಅನ್ನಬೇಕು. ದಲಾಲರು ಖರೀದಿಗೆ ಮೊದಲು 'ಬಾರವಾ ಇಲ್ಲೆ' ಅಂತ ಕರೆಯುತ್ತಿದ್ದರು. ಕರೆದದ್ದಕ್ಕೆ ಕೂಲಿ ಜಾಸ್ತಿ ಕೊಡಲಿಲ್ಲ, ಅದನ್ನೂ ಬರೀ ಅಂದಾಳ.

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ ಬಂತು. ಅದರ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೆ ಹಾಕುತ್ತಾರೆ ಅಂತ ಓದಿ ಹೇಳಿದಾಗ ಆಯಿ ಬಿದ್ದು ಬಿದ್ದು ನಕ್ಕಳು. "ನಮ್ಮನ್ನ ಮುಟ್ಟಿಸಿಗೊಳ್ಳದವರ ತುಟೀಗೂ ನಮ್ಮ ಕೈಯಾಂದ ಹತ್ತೇತಲ್ಲ!" 2024ರ ಮಾರ್ಚ್ 11ರಂದು ದರ ಬಿದ್ದು ರೈತರು ಸಿಟ್ಟಿಗೆದ್ದಾಗ, ಎಪಿಎಂಸಿ ಕಚೇರಿಗೆ, ಗಾಡಿಗಳಿಗೆ ಬೆಂಕಿ ಬಿದ್ದಾಗ ಮಾತ್ರ ನಗಲಿಲ್ಲ. ಟಿವಿ ಮುಂದಿನಿಂದ ಏಳಲೇ ಇಲ್ಲ. "ತುಂಬು ಬಿಡಸೋ ಹೆಣ್ಮಕ್ಕಳು ಎಲ್ಲಿ ಹೋದ್ರು? ಅವ್ರನ್ನ ಒಬ್ರೂ ತೋರಸವಲ್ರಲ್ಲ" ಅಂತ ಹತ್ತು ಸಲ ಕೇಳಿದಳು. ರೈತರು, ದಲಾಲರು, ಪೊಲೀಸರು ಎಲ್ಲರೂ ಟಿವಿಯಲ್ಲಿ ಬಂದರು. ಅವರು ಬರಲಿಲ್ಲ.

ಇನ್ನು ಹೊಲದ ಮಾತು. ಊರ ಹೆಸರು ಬರೆಯದೇ ಇರುವುದು ಇದಕ್ಕೇ.

ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1961ರದು, ಜಾರಿಗೆ ಬಂದದ್ದು 1963ರ ಫೆಬ್ರುವರಿ 1. ಚಾಕರಿ ಹೋಯಿತು. ದುಡ್ಡು ಕಟ್ಟಿಸಿಕೊಂಡು ಹೊಲ ಮರಳಿ ಮಂಜೂರು ಮಾಡಿದರು. ಮುತ್ತಜ್ಜ ಎರಡು ಕುರಿ ಮಾರಿ ಕಟ್ಟಿದ. 1984ರಲ್ಲಿ ಅಪ್ಪ ಧಾರವಾಡದಲ್ಲಿ ಬಿ.ಎಡ್ ಓದುವಾಗ ದುಡ್ಡಿಗೆ ತಡೆ ಬಂತು. ಅಜ್ಜ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಹೊಲ ಹೋಯಿತು, ಅಪ್ಪ ಮಾಸ್ತರ ಆದ, ನಾವು ರಾಣೇಬೆನ್ನೂರಿಗೆ ಬಂದೆವು. ನನ್ನ ಡಿಗ್ರಿ, ಈ ಮೊಬೈಲು, ಈ ಪೋಸ್ಟು ಎಲ್ಲ ಆ ಹೆಬ್ಬೆಟ್ಟಿನಿಂದ ಬಂದದ್ದೇ.

ಕಾರ್ಯಕರ್ತ ಗೆಳೆಯರಿಗೆ ಒಂದು ಮಾತು, ಯಾಕಂದ್ರ ನಮ್ಮಲ್ಲೇ ಬಾಳ ಮಂದಿಗೆ ಇದರಲ್ಲಿ ಗೊಂದಲ. ದಲಿತರ ಮಂಜೂರಾತಿ ಜಮೀನು ಅಂದ ಕೂಡಲೇ ನಾವು 1978ರ ಪಿಟಿಸಿಎಲ್ ಕಾಯ್ದೆ ಹಿಡಿದು ಓಡುತ್ತೇವೆ. ಆ ಕಾಯ್ದೆಯಲ್ಲಿ 'ಮಂಜೂರಾದ ಜಮೀನು' ಅಂದರೇನು ಅನ್ನುವ ವ್ಯಾಖ್ಯೆ ಓದಿ ನೋಡ್ರಿ. ವಂಶಪಾರಂಪರ್ಯ ಹುದ್ದೆಗೆ ಸಂಬಂಧಪಟ್ಟ ಜಮೀನನ್ನು ಅದರಿಂದ ಹೊರಗೆ ಇಟ್ಟಿದ್ದಾರೆ. ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತು 2023ರಲ್ಲಿ ತಿದ್ದುಪಡಿ ತಂದೆವಲ್ಲ, ಅದರಲ್ಲೂ ವತನದ ಹೊಲ ಒಳಗೆ ಬರಲಿಲ್ಲ. ನಮಗೆ ಇರುವ ದಾರಿ ರದ್ದಿಯಾತಿ ಕಾಯ್ದೆಯೇ. ಅದಕ್ಕೆ 1978ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮರಳಿ ಮಂಜೂರಾದ ಹೊಲವನ್ನು 15 ವರ್ಷ ಪರಭಾರೆ ಮಾಡುವ ಹಾಗಿರಲಿಲ್ಲ, ಮಾಡಿದರೆ ಅದು ಅಸಿಂಧು. 1984 ಆ 15 ವರ್ಷದ ಒಳಗೇ ಬರುತ್ತದೆ. ಅರ್ಜಿ ಹಾಕಿದ್ದೇವೆ. ಏನಾಗುತ್ತೋ ನೋಡೋಣ.

ಆದರೆ ಹೊಲ ಎಲ್ಲಿಂದ ಎಲ್ಲಿವರೆಗೆ? ಅಪ್ಪನಿಗೆ ನೆನಪಿಲ್ಲ. ಅಜ್ಜ ಇಲ್ಲ. ಉಳಿದದ್ದು ಆಯಿ.

ಹೋದ ಭಾನುವಾರ ಕಾರು ಮಾಡಿಕೊಂಡು ಮೋಟೆಬೆನ್ನೂರು ಕ್ರಾಸಿನಿಂದ ಒಳಗೆ ಹೋದೆವು. ಒಂದು ಕಣ್ಣಿಗೆ ಪೊರೆ, ಮೊಣಕಾಲು ನೋವು, ಕೈಯಲ್ಲಿ ಕೋಲು. ಹೊಲದಲ್ಲಿ ಈಗ ಗೋವಿನಜೋಳದ ಕೊಯ್ಲು ಆಗಿ ಬರೀ ಕೂಳೆ. ಮೊದಲು ಆಯಿ ತೋರಿಸಿದ ಕಡೆ ನನ್ನ ತಮ್ಮ ಗುದ್ದಲಿಯಿಂದ ಎರಡು ಫೂಟು ಅಗೆದ. ಏನೂ ಇಲ್ಲ. ನಾನು ಕೈಬಿಟ್ಟೆ, ವಯಸ್ಸಾಗೈತಿ ಪಾಪ ಅಂದುಕೊಂಡೆ. ಆಕಿ ಕೈಬಿಡಲಿಲ್ಲ. "ಇಲ್ಲೊಂದು ಹುಣಸಿ ಗಿಡ ಇತ್ತು, ಎಲ್ಲಿ ಹೋತು?" ಅಂತ ದನ ಕಾಯುವ ಹುಡುಗನನ್ನು ಕೇಳಿದಳು. ಕಡಿದು ವರ್ಷ ಆಗ್ಯಾವು ಅಂತ ಅವನು ಬೇಲಿ ಸಂದಿಯಲ್ಲಿ ಬುಡದ ಬೊಡ್ಡೆ ತೋರಿಸಿದ. ಆಯಿ ಆ ಬೊಡ್ಡೆಗೆ ಬೆನ್ನು ಹಚ್ಚಿ ನಿಂತು, ಸೂರ್ಯನ ಕಡೆ ಮುಖ ಮಾಡಿ, ಹೆಜ್ಜೆ ಎಣಿಸುತ್ತ ಹೊರಟಳು. ಈಗಿನ ಹೆಜ್ಜೆ ಸಣ್ಣವು ಅಂತ ತಾನೇ ಲೆಕ್ಕ ಸರಿಮಾಡಿ ಹತ್ತು ಕೂಡಿಸಿದಳು. ಬದುವಿನ ಹತ್ತಿರ ಕೋಲು ಕುಟ್ಟಿ "ಇಲ್ಲಿ" ಅಂದಳು.

ಒಂದೂವರೆ ಫೂಟಿಗೆ ಗುದ್ದಲಿ ಟಣ್ ಅಂತು. ವಾಲಿದ ಬಾಂದಗಲ್ಲು.

ಅಷ್ಟರಲ್ಲಿ ಬಾಜೂ ಹೊಲದವರ ಹುಡುಗ ಬೈಕಿನ ಮೇಲೆ ಬಂದ. ಈಗಿನ ಕಾಲದ ಹುಡುಗ, ಒರಟು ಮಾತೇನೂ ಆಡಲಿಲ್ಲ. "ಯಾರು ಬೇಕಾಗಿತ್ರೀ? ನೀವು ಯಾರ ಪೈಕಿರೀ ಅಮ್ಮಾ?" ಅಂತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಆಯಿ ಕೋಲು ಊರಿ ನಿಂತಳು.

"ನಾ ವಾಲಿಕಾರನ ಮಗಳು. ನಿಮ್ಮ ಹೊಲದ ಕಲ್ಲು ಎಲ್ಲಿ ಐತಿ ಅಂತ ನಿನಗ ಗೊತ್ತೈತೇನಪಾ? ಬಾ, ತೋರಸ್ತೀನಿ."

ಅವನು ಬೈಕು ನಿಲ್ಲಿಸಿ ಹಿಂದೆ ಹೋದ. ಖರೇನ ಹೋದ.

ಮುಂದಿನ ವಿಚಾರಣೆಗೆ ತಾನೇ ಬಂದು ಹೇಳುತ್ತೇನೆ ಅಂದಾಳೆ. ಯಾವ ಸೀರೆ ಉಡಬೇಕು ಅಂತ ಈಗಲೇ ತೆಗೆದು ದಿಂಬಿನ ಕೆಳಗೆ ಇಟ್ಟುಕೊಂಡಾಳೆ. ಇದನ್ನು ಬರೆದು ಮುಗಿಸಿ ಪೂರಾ ಓದಿ ಹೇಳಿದೆ. ಬಾವಿಯ ಮಾತು ತೆಗೆದುಬಿಡಲೇನು ಅಂತ ಕೇಳಿದೆ. "ಇರ್ಲಿ ಬಿಡು, ಅದೂ ಖರೆ ಐತಿ" ಅಂದಳು.

ಜೈ ಭೀಮ್.