ರೇವಿನ ಕಾವಲು

ಬೆಲ್ಜಿಯಂ ದೇಶದ ಆಂಟ್‌ವರ್ಪ್ ರೇವು ಸುಮಾರು 120 ಚದರ ಕಿಲೋಮೀಟರುಗಳಷ್ಟು ವಿಸ್ತಾರವಾದುದು. ಅದನ್ನು ಕಾಯಲು ಕ್ಯಾಮೆರಾಗಳು ಸಾಲದೆ, 2023ರಲ್ಲಿ ಆರು ಡ್ರೋನುಗಳನ್ನೂ ನೇಮಿಸಿದರು. ಒಳ್ಳೆಯದೇ ಸರಿ, ಬೇಲಿ ಹಾರುವ ಕಳ್ಳನು ಅವುಗಳ ಕಣ್ಣಿಗೆ ಬೀಳಬಹುದು. ಆದರೆ 2011ರಿಂದ 2013ರ ವರೆಗೆ ಅಲ್ಲಿ ನಡೆದುದೇ ಬೇರೆ. ಮಾದಕವಸ್ತುಗಳ ಕಳ್ಳಸಾಗಣೆಗಾರರು ಕಂಪ್ಯೂಟರುಗಳೊಳಗೆ ನುಸುಳಿ, ಕಂಟೈನರುಗಳನ್ನು ಬಿಡಿಸಿಕೊಳ್ಳುವ ಗುಪ್ತಸಂಖ್ಯೆಗಳನ್ನು ಕದ್ದು, ನಿಜವಾದ ಒಡೆಯನು ಬರುವುದಕ್ಕೆ ಮುನ್ನವೇ ತಮ್ಮ ಲಾರಿಗಳನ್ನು ತಂದು ಹೆಬ್ಬಾಗಿಲಿನಿಂದಲೇ ಸರಕನ್ನು ಸಾಗಿಸಿದರು! ಕಾವಲಿನ ಕಣ್ಣಿಗೆ ಅದು ಕ್ರಮವಾಗಿ ಬಂದುಹೋದ ಲಾರಿಯಲ್ಲದೆ ಮತ್ತೇನೂ ಅಲ್ಲ. ಆಮೇಲೆ ಗುಪ್ತಸಂಖ್ಯೆಯ ಪದ್ಧತಿಯನ್ನೇ ಬಿಟ್ಟು ಬೇರೆ ಏರ್ಪಾಡನ್ನು ಮಾಡಬೇಕಾಯಿತು. ಆದರೂ 2023ರೊಂದರಲ್ಲೇ ಅಲ್ಲಿ ಹಿಡಿದ ಕೊಕೇನು 116 ಟನ್ನು. ಈಗ ರೇವಿನ ಕೂಲಿಕಾರನಿಗೇ ಲಂಚದ ಆಸೆಯನ್ನು ತೋರಿಸುತ್ತಾರೆ, ಒಪ್ಪದಿದ್ದರೆ ಬೆದರಿಸುತ್ತಾರೆ. ಹೊಸ ಕ್ಯಾಮೆರಾಗಳ ವೆಚ್ಚದೊಡನೆ ಅವನ ಮನೆಮಂದಿಯ ರಕ್ಷಣೆಯ ವೆಚ್ಚವನ್ನೂ ರೇವಿನ ಲೆಕ್ಕಕ್ಕೇ ಬರೆಯತಕ್ಕದ್ದೆಂದು ನಾವು ಎಣಿಸುತ್ತೇವೆ.